ಕಾಣದ ರಸ್ತೆ

ಸ್ಕ್ರೀನ್ ಮೇಲೆ ನಕ್ಷೆ ತೆರೆದಿದೆ. ಕೆರೆ ಇದೆ, ಸುತ್ತ ಹೊಲಗಳಿವೆ. ಕೆರೆಯ ಪಕ್ಕದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನೆಟ್ಟಗೆ ಹೋಗಬೇಕಾದ ರಸ್ತೆ ಮಾತ್ರ ಇಲ್ಲ. ಡೇಟಾ ಫೈಲ್ ತೆರೆದು ನೋಡುತ್ತೀರಿ. ರಸ್ತೆ ಅಲ್ಲಿದೆ: (100, 40)ರಿಂದ (400, 40)ರವರೆಗೆ. ಎರರ್ ಒಂದೂ ಬಂದಿಲ್ಲ.

ನಿಮ್ಮ ಜಾವಾ ಪ್ರೋಗ್ರಾಮಿನಲ್ಲಿ ‘ಆಕೃತಿ’ ಎಂಬ ಇಂಟರ್‌ಫೇಸ್ ಇದೆ. ವೃತ್ತವಾಗಲಿ ಚೌಕವಾಗಲಿ, ಕೇಳಿದಾಗ ತನ್ನ ಸುತ್ತುಚೌಕಟ್ಟನ್ನು ಜಾವಾದ ರೆಕ್ಟ್ಯಾಂಗಲ್‌2ಡಿ ರೂಪದಲ್ಲಿ ಕೊಡಬೇಕು. ಆ ಚೌಕಟ್ಟು ವಿಂಡೋವನ್ನು ಛೇದಿಸಿದರೆ ಮಾತ್ರ ಆಕೃತಿ ಮೂಡುತ್ತದೆ. ನಕ್ಷೆಯ ಜ್ಯಾಮಿತಿ ಬರುವುದು ಜೆಟಿಎಸ್ ಲೈಬ್ರರಿಯಿಂದ. ಕೆನಡಾದ ಮಾರ್ಟಿನ್ ಡೇವಿಸ್ ಕಟ್ಟಿದ ಆ ಲೈಬ್ರರಿಗೆ ನಿಮ್ಮ ‘ಆಕೃತಿ’ಯ ಗುರುತಿಲ್ಲ. ಹಾಗಾಗಿ ನಡುವೆ ಅಡಾಪ್ಟರ್ ಕ್ಲಾಸ್ ಬರೆದಿದ್ದೀರಿ: ಹೊರಗಿನವರಿಗೆ ಅದು ‘ಆಕೃತಿ’, ಒಳಗೆ ಇಟ್ಟುಕೊಂಡಿರುವುದು ಜೆಟಿಎಸ್ ಆಬ್ಜೆಕ್ಟ್. (1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕವೂ ಅಡಾಪ್ಟರ್ ವಿವರಿಸಲು ಚಿತ್ರ ಬಿಡಿಸುವ ತಂತ್ರಾಂಶವನ್ನೇ ಆರಿಸಿಕೊಂಡಿತು. ಅಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ವ್ಯೂ ಕ್ಲಾಸನ್ನು ಶೇಪ್‌ಗೆ ಒಗ್ಗಿಸುತ್ತಾರೆ.)

ಬ್ರೇಕ್‌ಪಾಯಿಂಟ್ ಇಟ್ಟು ಓಡಿಸಿ. ಕೆರೆಯ ಸರದಿ ಮುಗಿಯಿತು. ಈಗ ರಸ್ತೆ. ಅಡಾಪ್ಟರ್ ಜೆಟಿಎಸ್‌ನಿಂದ ಎನ್ವಲಪ್, ಅಂದರೆ ಆ ಲೈಬ್ರರಿಯದೇ ಸುತ್ತುಚೌಕಟ್ಟು, ತರಿಸುತ್ತದೆ. ಕನಿಷ್ಠ ವೈ 40, ಗರಿಷ್ಠ ವೈ 40. ಕಳೆದರೆ ಎತ್ತರ 0. ಲೆಕ್ಕ ಸರಿಯಾಗಿಯೇ ಇದೆ. ಇನ್ನೊಂದು ಹೆಜ್ಜೆ ಒಳಗೆ ಹೋಗಿ, ರೆಕ್ಟ್ಯಾಂಗಲ್‌2ಡಿಯ ಕೋಡ್ ಓದಿ. ಅಗಲವೋ ಎತ್ತರವೋ ಸೊನ್ನೆಯಾದರೆ ಅದರ ಪಾಲಿಗೆ ಚೌಕಟ್ಟು ಖಾಲಿ. ಖಾಲಿ ಚೌಕಟ್ಟು ಏನನ್ನೂ ಛೇದಿಸುವುದಿಲ್ಲ. ಉತ್ತರ ‘ಫಾಲ್ಸ್’. ರಸ್ತೆ ಬಿಟ್ಟುಹೋದದ್ದು ಇಲ್ಲೇ! ಅದೇ ಪ್ರಶ್ನೆಯನ್ನು ಎನ್ವಲಪ್‌ಗೆ ಕೇಳಿ: ‘ಟ್ರೂ’ ಎನ್ನುತ್ತದೆ. ಎತ್ತರವಿಲ್ಲದ ಗೆರೆಯೂ ಅದಕ್ಕೆ ಲೆಕ್ಕಕ್ಕಿದೆ, ಅಂಚಿಗೆ ಅಂಚು ತಾಗಿದರೂ ಛೇದನವೇ. ಎರಡೂ ಕಡೆ ಮೆಥಡ್‌ನ ಹೆಸರು ‘ಇಂಟರ್‌ಸೆಕ್ಟ್ಸ್’. ಅರ್ಥ ಮಾತ್ರ ಬೇರೆ ಬೇರೆ.

ಎತ್ತರಕ್ಕೆ 0.001 ಸೇರಿಸಿಬಿಡೋಣ ಎಂದು ಕೈ ತುರಿಸುತ್ತದೆ. ಬೇಡ. ಅಡಾಪ್ಟರ್ ಸುಳ್ಳು ಅಳತೆ ಹೇಳಲು ಶುರುಮಾಡಿದರೆ ನಾಳೆ ಅದನ್ನು ನಂಬಿ ವಿಸ್ತೀರ್ಣ ಲೆಕ್ಕಹಾಕುವವರ ಗತಿ ಏನು? ಇಂಟರ್‌ಫೇಸಿಗೇ ಹೊಸ ಪ್ರಶ್ನೆ ಸೇರಿಸಿ: ‘ಈ ವಿಂಡೋದಲ್ಲಿ ಕಾಣುತ್ತೀಯಾ?’ ಉತ್ತರವನ್ನು ಅಡಾಪ್ಟರ್ ಎನ್ವಲಪ್‌ನಿಂದಲೇ ಕೇಳಿ ಹೇಳಲಿ.

ಟೈಪ್ ಮಾಡುವಾಗ ಜೋಪಾನ. 800×600 ವಿಂಡೋ ರೆಕ್ಟ್ಯಾಂಗಲ್‌2ಡಿಯಲ್ಲಿ 0, 0, 800, 600. ಎನ್ವಲಪ್ ಮೊದಲು ಎರಡು ಎಕ್ಸ್, ಆಮೇಲೆ ಎರಡು ವೈ ಕೇಳುತ್ತದೆ: 0, 800, 0, 600. ಹಳೆಯ ಕ್ರಮದಲ್ಲೇ ಕೊಟ್ಟರೆ ಅಗಲವೇ ಇಲ್ಲದ ವಿಂಡೋ ಹುಟ್ಟುತ್ತದೆ. ನಾಲ್ಕೂ ‘ಡಬಲ್’ ಸಂಖ್ಯೆಗಳಾದ್ದರಿಂದ ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ.

ಓಡಿಸಿ. ರಸ್ತೆ ಬಂತು.

ಹೆಸರು ಹೊಂದಿಸುವುದು ಅಡಾಪ್ಟರಿನ ಸುಲಭದ ಕೆಲಸ. ಖಾಲಿ ಎಂದರೇನು, ತಾಗುವುದು ಎಂದರೇನು ಎಂಬಲ್ಲಿ ಎರಡು ಲೈಬ್ರರಿಗಳ ನಡುವೆ ಇರುವ ಭಿನ್ನಾಭಿಪ್ರಾಯ ತೀರಿಸುವುದೇ ನಿಜವಾದ ಕೆಲಸ. ಜ್ಯಾಮಿತಿಗೆ ಅಡಾಪ್ಟರ್ ಬರೆಯುವವರು ಮೊದಲ ಟೆಸ್ಟ್‌ಗೆ ಒಂದು ಅಡ್ಡಗೆರೆ, ಒಂದು ಬಿಂದು, ಒಂದು ಖಾಲಿ ಬಹುಭುಜ ಇಟ್ಟುಕೊಳ್ಳಿ. ಕೆರೆ ಹೊಲಗಳೆಲ್ಲ ಆಮೇಲೆ.