ಸಾಕ್ಷಿ ಹೇಳೋದು

ನಮ್ಮ ಸಭೆಯಲ್ಲಿ 'ಸಾಕ್ಷಿ ಹೇಳೋದು' ಅಂತ ಒಂದು ರೂಢಿ. ಕೋರ್ಟಿನದ್ದಲ್ಲ :) ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಅಂತ ಎದ್ದು ನಿಂತು ಹೇಳುವುದು. ಕಾಯಿಲೆ ವಾಸಿಯಾಯ್ತು, ಕುಡಿತ ಬಿಟ್ಟೆ, ಕೆಲಸ ಸಿಕ್ತು... ಹೆಚ್ಚಾಗಿ ಇಂಥವೇ. ನಾನು ಯಾವತ್ತೂ ಎದ್ದು ನಿಂತವನಲ್ಲ.

ಮೊನ್ನೆ ಕುಮಾರಸ್ವಾಮಿ ಲೇಔಟಿನ ನಮ್ಮ ರೂಮಿನಲ್ಲಿ ಗೆಳೆಯ ಕೇಳಿದ, "ನೀನ್ಯಾಕೋ ಯೇಸುನ ನಂಬ್ತೀಯ?" 2022ರಲ್ಲಿ ಮತಾಂತರದ ಕಾಯ್ದೆ ಬಂದಮೇಲೆ ಇಂಥ ಮಾತಿಗೆ ಮುಂಚೆ ಒಮ್ಮೆ ಸುತ್ತ ನೋಡುವುದು ನಮಗೆ ಅಭ್ಯಾಸ. ಆದರೆ ಕೇಳಿದ್ದು ಅವನು. ಹೇಳಿದೆ. ಅಪ್ಪನಿಗೆ ಕ್ಯಾನ್ಸರ್ ಅಂತ ಗೊತ್ತಾದಾಗಿನಿಂದ ದಿನಾ ಪ್ರಾರ್ಥಿಸಿದೆ. ಅಪ್ಪ ಉಳಿಯಲಿಲ್ಲ. ಕೊನೆಯ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಒಬ್ಬನೇ ಕೂತಿಲ್ಲ ಅನ್ನಿಸಿತು. ಆಮೇಲೆ ಪ್ರಾರ್ಥನೆ ಬಿಡೋಕಾಗಲಿಲ್ಲ.

"ಅಷ್ಟೇನಾ?"

ಅಷ್ಟೇ.

1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಮೋಗ್ಲಿಂಗರಿಂದ (ಹೌದು, 'ಮಂಗಳೂರ ಸಮಾಚಾರ'ದ ಮೋಗ್ಲಿಂಗರೇ) ದೀಕ್ಷಾಸ್ನಾನ ಪಡೆದರು. ಜಾತಿ, ನಂಟು ಎಲ್ಲ ಪಣಕ್ಕಿಟ್ಟ ಅಂಥವರು ಬಾಯಿ ತೆರೆಯದಿದ್ದರೂ ಸಾಕ್ಷಿಯೇ. ಹುಟ್ಟು ಕ್ರೈಸ್ತನಾದ ನಾನು ತೆತ್ತದ್ದೇನೂ ಇಲ್ಲ, ತೋರಿಸೋಕೆ ಪವಾಡವೂ ಇಲ್ಲ. ಆದರೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನನ್ನು ನೋಡಿ. ದೃಷ್ಟಿ ಕೊಟ್ಟವನು ಪಾಪಿಯಾ ಅಂತ ಕೇಳಿದರೆ ಗೊತ್ತಿಲ್ಲ ಅಂತಾನೆ. ತನಗೇನಾಯ್ತು ಅನ್ನೋದನ್ನ ಮಾತ್ರ ಬಿಟ್ಟುಕೊಡಲ್ಲ. ಅಪ್ಪ ಯಾಕೆ ಉಳಿಯಲಿಲ್ಲ ಅಂತ ಕೇಳಿದ್ದರೆ ನನ್ನದೂ ಅದೇ ಉತ್ತರ.

ಅವನು ಅದನ್ನ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನಿಗೆ ಹುಷಾರಿಲ್ಲದಾಗ ಅವರಮ್ಮ ಬನಶಂಕರಿ ಗುಡಿಯಲ್ಲಿ ವಾರವಾರ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದ ಕಥೆ ಶುರುಮಾಡಿದ. ಮಲಗಿದಾಗ ಎರಡು ಗಂಟೆ.