ದೆವ್ವವಿಲ್ಲದ ಮನೆ

ದೆವ್ವಗಳಿಗೆ ಬಾಡಿಗೆಯ ಕೋಣೆ ಒಗ್ಗುವುದಿಲ್ಲವೆಂದು ತೋರುತ್ತದೆ. ಹಿಂದಿಯ ಭೂತದ ಚಿತ್ರಗಳಲ್ಲಿ ಅವುಗಳಿಗೆ ಹವೇಲಿಯೇ ಬೇಕು. ಅದೂ ಹಳೆಯದು, ಕಿರುಗುಟ್ಟುವ ಬಾಗಿಲಿನದು, ನೆಲಮಾಳಿಗೆಯುಳ್ಳದ್ದು. 1989ರಲ್ಲಿ ಬಂದ ‘ಪುರಾನಿ ಹವೇಲಿ’ಯನ್ನು ಹುನಗುಂದದಲ್ಲಿ ನಾವು ಹುಡುಗರು ವಿಡಿಯೋ ತರಿಸಿ, ಒಂದೇ ಕೌದಿಯೊಳಗೆ ಮುಸುಕಿಟ್ಟುಕೊಂಡು ನೋಡಿದ್ದೆವು.

ಅದನ್ನು ತಯಾರಿಸಿದ ರಾಮ್ಸೆ ಸಹೋದರರು ಏಳು ಜನ. ಒಬ್ಬರದು ಕತೆ, ಒಬ್ಬರದು ಕ್ಯಾಮೆರಾ, ಒಬ್ಬರದು ಧ್ವನಿ, ಇಬ್ಬರದು ನಿರ್ದೇಶನ. ಅವಿಭಕ್ತ ಕುಟುಂಬದ ಒಕ್ಕಲುತನದಂತೆ ಅವರ ಸಿನಿಮಾ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಗಾಗಿ ಮನೆಮಂದಿಯೆಲ್ಲ ಮಹಾಬಳೇಶ್ವರಕ್ಕೆ ಹೋಗಿ, ಸರಕಾರಿ ವಸತಿಗೃಹದಲ್ಲಿ ಇಳಿದು ಚಿತ್ರೀಕರಿಸಿದರು. ಕೈಯಲ್ಲಿ ಹಣವಿಲ್ಲದವನಿಗೆ ಹಾಳುಮನೆಯಷ್ಟು ಅಗ್ಗದ ರಂಗಸ್ಥಳ ಬೇರೊಂದಿಲ್ಲ. ಕತ್ತಲೆಗೆ ಬಣ್ಣ ಹಚ್ಚಬೇಕಾಗಿಲ್ಲ. ಜೇಡಕ್ಕೆ ಸಂಬಳ ಕೊಡಬೇಕಾಗಿಲ್ಲ.

ನಮ್ಮ ಕಡೆಯ ಮನೆಗಳಿಗೂ ನೆಲದಡಿಯ ಕತ್ತಲೆಯುಂಟು: ಜೋಳ ತುಂಬುವ ಹಗೇವು. ಅದರ ಭಯವೇನೂ ಸುಳ್ಳಲ್ಲ. ಬಹುದಿನ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಆದುದರಿಂದ ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಸಿನಿಮಾದಲ್ಲಿಯೋ, ದೀಪ ಆರಿದೊಡನೆಯೇ ನಾಯಕಿ ನೆಲಮಾಳಿಗೆಗೆ ಇಳಿಯುತ್ತಾಳೆ! ಹಗೇವು ಕಂಡ ಮನೆಯವಳಲ್ಲ, ಪಾಪ.

ಬಾಗಲಕೋಟೆಯ ನನ್ನ ಸೋದರತ್ತೆಯ ಮನೆಯೂ ಹಗೇವಿನ ಮನೆಯೇ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಹಳೆಯ ಊರಿನ ತಗ್ಗಿನ ಓಣಿಗಳು ಮುಳುಗಡೆಗೆ ಸೇರಿದಾಗ ಅವರಿಗೆ ಪರಿಹಾರ ಬಂದಿತು, ನವನಗರದಲ್ಲಿ ನಿವೇಶನ ಬಂದಿತು. ಕದ, ತೊಲೆ, ಜಂತಿಗಳನ್ನು ಬಿಚ್ಚಿಕೊಂಡು ಅವರು ಹೊರಟುಹೋದರು. ಉಳಿದದ್ದು ಗೋಡೆ.

ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಅತ್ತೆಯೊಡನೆ ಅಲ್ಲಿಗೆ ಹೋಗಿದ್ದೆ. ಸಿನಿಮಾದವರಿಗೆ ಬೇಕಾದುದೆಲ್ಲ ಅಲ್ಲಿದ್ದಿತು: ಜಾಲಿಕಂಟಿ, ಗೂಬೆ, ಕದವಿಲ್ಲದ ಬಾಗಿಲು.

“ಅತ್ತಿ, ಇಲ್ಲೆ ದೆವ್ವ ಅದಾವಂತ ಹುಡುಗೂರು ಅಂತಾರ” ಎಂದೆ, ನಗಿಸಲೆಂದು.

ಆಕೆ ನಗಲಿಲ್ಲ. ಇಳಕಲ್ಲ ಸೀರೆಯ ಸೆರಗಿನಿಂದ ದೇವರ ಮಾಡದ ಧೂಳು ಒರೆಸುತ್ತ, “ಇದ್ದಿದ್ರ ಚಲೋ ಆಗ್ತಿತ್ತಲ್ಲೋ ತಮ್ಮಾ. ಮನ್ಯಾಗ ಯಾರರ ಇದ್ದಂಗ ಆಗ್ತಿತ್ತು” ಎಂದಳು.

ರಾಮ್ಸೆ ಸಹೋದರರ ತಂದೆ ದೇಶವಿಭಜನೆಯ ಕಾಲಕ್ಕೆ ಕರಾಚಿ ಬಿಟ್ಟು ಮುಂಬಯಿಗೆ ಬಂದವರು. ಮನೆ ಬಿಟ್ಟು ಬಂದವರ ಮಕ್ಕಳು, ಮನೆ ಬಿಡಲೊಲ್ಲದ ದೆವ್ವಗಳ ಚಿತ್ರಗಳನ್ನೇ ತೆಗೆಯುತ್ತ ಹೋದರು. ಅವರು ಇದನ್ನು ಯೋಚಿಸಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಮುಳುಗಡೆಯ ಜಿಲ್ಲೆಯಲ್ಲಿ ಕುಳಿತು ಆ ಚಿತ್ರಗಳನ್ನು ನೋಡಿದಾಗ ಆ ಕುರೂಪಿ ದೆವ್ವದ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅದು ಮಾಡಿದ ಅಪರಾಧವಾದರೂ ಏನು? ನೋಟೀಸು ಬಂದರೂ ಮನೆ ಖಾಲಿ ಮಾಡಲಿಲ್ಲ, ಅಷ್ಟೆ.