ಸ್ವಂತ ಗಾಡಿಯೋ, ಬಾಡಿಗೆಯ ಲಾರಿಯೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ‘ಮನೆ ಸಾಗಿಸಿ ನೋಡು’ ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಆ ಕಾಲದಲ್ಲಿ ಒಂದು ಊರಿನಲ್ಲಿ ಹುಟ್ಟಿದವನು ಬಹುಮಟ್ಟಿಗೆ ಅದೇ ಊರಿನಲ್ಲಿ ಬಾಳಿ ಮುಗಿಸುತ್ತಿದ್ದುದರಿಂದ ಅದರ ಅಗತ್ಯ ಬಿದ್ದಿರಲಾರದು. ಶಿಕ್ಷಕರಾದ ನಮಗಾದರೋ ವರ್ಗಾವಣೆಯೆಂಬುದು ವೃತ್ತಿಯ ಜೊತೆಗೇ ಬಂದ ಋಣ. 1986ರಲ್ಲಿ ಮೊದಲ ವರ್ಗಾವಣೆಯಾದಾಗ ನನ್ನ ಸಂಸಾರವೆಲ್ಲ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ. ಬಸ್ಸಿನ ಮೇಲೆ ಹಾಕಿದರೆ ಮುಗಿಯಿತು. ಎರಡನೆಯ ಸಲ ಎತ್ತಿನ ಬಂಡಿ. ಮೂರನೆಯ ಸಲ ವಿದ್ಯಾರ್ಥಿಯೊಬ್ಬನ ತಂದೆ ತಮ್ಮ ಟ್ರ್ಯಾಕ್ಟರನ್ನೇ ಕಳಿಸಿದ್ದರು. ಡೀಸೆಲಿನ ಹಣವನ್ನೂ ಮುಟ್ಟಲಿಲ್ಲ. ಆದರೆ 2024ರ ನವೆಂಬರಿನಲ್ಲಿ ನಾವು ಕಲಬುರಗಿಯನ್ನು ಬಿಟ್ಟು ಮೈಸೂರಿಗೆ ಬಂದದ್ದು ಬೇರೆಯೇ ಮಾತು. ದೂರ ಏಳುನೂರು ಕಿಲೋಮೀಟರಿಗೆ ಹತ್ತಿರ. ಸಾಮಾನೋ, ಮೂವತ್ತೆಂಟು ವರ್ಷ ಕೂಡಿಟ್ಟದ್ದು. ನಾವೇಕೆ ಹೊರಟೆವು, ಹೇಗೆ ಹೊರಟೆವು ಎಂದು ನಿಮ್ಮಲ್ಲಿ ಅನೇಕರು ದೂರವಾಣಿಯಲ್ಲಿ ಕೇಳಿದ್ದೀರಿ. ಎಲ್ಲರಿಗೂ ಒಟ್ಟಾಗಿ ಇಲ್ಲಿ ಉತ್ತರಿಸುತ್ತಿದ್ದೇನೆ.

ಹೊರಟ ಕಾರಣ ಸರಳವಾದದ್ದು. ನನ್ನ ಪತ್ನಿಯ ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದ್ದರು. ಮಗಳು ಮೈಸೂರಿನಲ್ಲಿದ್ದಾಳೆ. ಆರೈಕೆಗೆ ಅವಳ ಹತ್ತಿರವಿರುವುದು ಲೇಸೆಂದು ತೀರ್ಮಾನಿಸಿದೆವು. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ಆ ಚಿಕಿತ್ಸೆಗೆಂದೇ ತೆಗೆದಿರಿಸಿದ್ದೆವು. ಮುಂದಿನ ಕಥೆಗೆ ಈ ಹಣವೇ ಮೂಲ.

ನನ್ನ ತಮ್ಮನ ಮಗ ಐಟಿಐ ಮುಗಿಸಿದವನು, ವಾಹನ ಓಡಿಸುವುದರಲ್ಲಿ ಜಾಣ, ಕಾಯಂ ಕೆಲಸವಿಲ್ಲದವನು. ತಮ್ಮನದು ಮಳೆಯನ್ನು ನಂಬಿದ ತೊಗರಿ ಹೊಲ. ನಾವು ಹೊರಡುವ ಸುದ್ದಿ ತಿಳಿದ ದಿನವೇ ಹುಡುಗ ಬಂದು ಒಂದು ಯೋಜನೆಯನ್ನು ಮುಂದಿಟ್ಟ. ಹತ್ತು ವರ್ಷ ಹಳೆಯದಾದ ಟಾಟಾ 407 ಒಂದು ಮಾರಾಟಕ್ಕಿದೆ, ಬೆಲೆ 4,60,000 ರೂಪಾಯಿ. ಅದನ್ನು ಕೊಂಡು ಎರಡು ಟ್ರಿಪ್ಪಿನಲ್ಲಿ ಸಾಮಾನೆಲ್ಲ ಸಾಗಿಸಿ, ಆಮೇಲೆ ಬೇಕಾದರೆ ಮಾರಿಬಿಡುವುದು, ಬೇಡವಾದರೆ ಇಟ್ಟುಕೊಳ್ಳುವುದು.

“ದೊಡ್ಡಪ್ಪ, ಬಾಡಿಗಿ ಕೊಟ್ರ ರೊಕ್ಕ ಹೋತು. ಗಾಡಿ ತೊಗೊಂಡ್ರ ಗಾಡಿ ಉಳೀತದ” ಎಂದ.

ಮೇಲ್ನೋಟಕ್ಕೆ ಇದು ಬಹಳ ಜಾಣತನದ ಮಾತು. ಬಾಡಿಗೆಯ ಮನೆಯಲ್ಲಿ ಬಾಳಿದ ನನ್ನಂಥವನ ಮನಸ್ಸಿಗೆ ಒಡನೆ ನಾಟುವ ಮಾತು. ಆದರೆ ಅವನು ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಅದರಲ್ಲಿತ್ತು: ನಾವು ಮೈಸೂರು ಸೇರಿದ ಮೇಲೆ ಆ ಗಾಡಿ ತನ್ನ ಜೀವನಕ್ಕಾಗಲಿ ಎಂಬುದು. ಅದು ದುರಾಸೆಯಲ್ಲ, ಇಪ್ಪತ್ತಾರು ವರ್ಷದ ಹುಡುಗನ ನ್ಯಾಯವಾದ ಆಸೆ. ಇಲ್ಲವೆಂದರೆ ‘ಅಣ್ಣ ರೊಕ್ಕ ಕಟ್ಟಿಕೊಂಡು ಊರು ಬಿಟ್ಟ’ ಎಂಬ ನೋವು ತಮ್ಮನ ಮನೆಯಲ್ಲಿ ಉಳಿಯುತ್ತದೆ. ಹೂಂ ಎಂದರೆ ಪತ್ನಿಯ ಚಿಕಿತ್ಸೆಯ ಹಣ ಆರು ಚಕ್ರಗಳ ಮೇಲೆ ಏರಿ ಕೂರುತ್ತದೆ. ಒಂದು ವಾರದ ಸಮಯ ಕೇಳಿದೆ.

ಗಣಿತ ಕಲಿಸಿದವನಿಗೆ ಸಂದಿಗ್ಧ ಬಂದಾಗ ಇರುವ ಆಶ್ರಯ ಒಂದೇ, ಕಾಗದ ಮತ್ತು ಪೆನ್ಸಿಲು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮೂರು ಲಾರಿಗಳ ಮಾಲೀಕ, ಕಲಬುರಗಿಯ ತೊಗರಿಬೇಳೆಯನ್ನು ದಕ್ಷಿಣದ ಊರುಗಳಿಗೆ ಸಾಗಿಸುತ್ತಾನೆ. ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ತರಗತಿಯಲ್ಲಿ ಲಾಭ-ನಷ್ಟದ ಲೆಕ್ಕವೆಂದರೆ ಕಿಟಕಿಯ ಹೊರಗೆ ನೋಡುತ್ತಿದ್ದ ಹುಡುಗ ಅಂದು ನನಗೆ ಆ ಲೆಕ್ಕವನ್ನು ಸರಾಗವಾಗಿ ಹೇಳಿಕೊಟ್ಟ.

ಮೊದಲು ಕೊಳ್ಳುವ ಲೆಕ್ಕ. ಗಾಡಿಗೆ 4,60,000. ಹೆಸರು ವರ್ಗಾವಣೆ, ವಿಮೆ, ಎಫ್‌ಸಿ, ದಲ್ಲಾಳಿ ಎಲ್ಲ ಸೇರಿ 45,000. ಎರಡು ಟೈರು, ಬ್ರೇಕು, ಸಣ್ಣಪುಟ್ಟ ರಿಪೇರಿಗೆ 40,000. ಎರಡು ಟ್ರಿಪ್ಪೆಂದರೆ ಹೋಗಿಬರುವುದೂ ಸೇರಿ 2,800 ಕಿಲೋಮೀಟರು. ಲೀಟರಿಗೆ 9 ಕಿಲೋಮೀಟರಿನಂತೆ, ಡೀಸೆಲಿಗೆ 90 ರೂಪಾಯಿ ಹಿಡಿದರೆ 28,000. ಟೋಲು, ಊಟ ಬಿಟ್ಟು ಒಟ್ಟು 5,73,000. ಎರಡು ತಿಂಗಳ ಬಳಿಕ ಮಾರಿದರೆ ಅದೃಷ್ಟವಿದ್ದಲ್ಲಿ 4,20,000 ಬರಬಹುದೆಂದ. ಅಂದರೆ ಕೈಬಿಡುವ ಹಣ 1,53,000.

ಬಾಡಿಗೆಯ ಲೆಕ್ಕದಲ್ಲಿ ಮೂರು ದಾರಿಗಳಿದ್ದವು. ಪ್ಯಾಕಿಂಗಿನಿಂದ ಹಿಡಿದು ಜೋಡಿಸಿಕೊಡುವವರೆಗೆ ಎಲ್ಲವನ್ನೂ ತಾವೇ ಮಾಡುವ ಸಂಸ್ಥೆಯೊಂದು 72,000 ಕೇಳಿತ್ತು. ಹದಿನಾಲ್ಕು ಅಡಿಯ ಐಷರ್ ಲಾರಿಯನ್ನು ಚಾಲಕನ ಸಮೇತ ಹಿಡಿದರೆ 34,000. ಖಾಲಿ ಮರಳುವ ಖರ್ಚನ್ನೂ ಮಾಲೀಕರು ಅದರಲ್ಲಿ ಸೇರಿಸಿರುತ್ತಾರೆ. ಮೂರನೆಯದು ರಿಟರ್ನ್ ಲೋಡು. ಮದ್ದೂರಿನ ಕಡೆಯಿಂದ ಎಳನೀರು ತುಂಬಿಕೊಂಡು ಉತ್ತರಕ್ಕೆ ಬಂದ ಲಾರಿ ಹೇಗಿದ್ದರೂ ದಕ್ಷಿಣಕ್ಕೆ ಮರಳಲೇಬೇಕು. ಖಾಲಿ ಹೋಗುವುದಕ್ಕಿಂತ ಅರ್ಧ ಲಾರಿ ಸಾಮಾನಾದರೂ ಸಿಕ್ಕರೆ ಅವರಿಗೂ ಲಾಭ. ಅದಕ್ಕೆ 22,000. ಎರಡೂ ಕಡೆಯ ಹಮಾಲಿ 6,000, ರಟ್ಟಿನ ಪೆಟ್ಟಿಗೆ, ಗೋಣಿ, ಹಗ್ಗಕ್ಕೆ 3,500 ಸೇರಿಸಿದರೂ 31,500ಕ್ಕೆ ಮುಗಿಯಿತು. ಆದರೆ ದಿನ ಗೊತ್ತುಪಡಿಸಲಾಗದು. ಲಾರಿ ಸಿಕ್ಕ ದಿನವೇ ಮುಹೂರ್ತ. ಹೊಸ ತೊಗರಿ ಮಾರುಕಟ್ಟೆಗೆ ಬಂದಮೇಲೆ ಈ ದರವೂ ಸಿಗದು, ಆದ್ದರಿಂದ ಡಿಸೆಂಬರಿಗೆ ಮೊದಲೇ ಹೊರಡಿ ಎಂದ.

“ಹಂಗಾದ್ರ ಗಾಡಿ ತೊಗೊಳ್ಳೋರು ಎಲ್ಲಾರೂ ಹುಚ್ಚರೇನಪಾ?” ಎಂದು ಕೇಳಿದೆ.

ಅವನು ನಕ್ಕ. “ಅಲ್ಲ ಸರ್. ನಿಂತ ಗಾಡಿ ತಿಂತದ, ಓಡೋ ಗಾಡಿ ದುಡೀತದ. ತಿಂಗಳಿಗಿ ಇಪ್ಪತ್ತು ದಿನ ಬಾಡಿಗಿ ಸಿಕ್ರ ತನ್ನ ಹೊಟ್ಟಿ ತಾ ಹೊರಕೋತದ. ಹತ್ತ ದಿನ ಸಿಕ್ರ ನಿಮ್ಮ ಪಿಂಚಣಿನೂ ತಿಂತದ.”

ಈ ಒಂದು ಮಾತಿನಲ್ಲಿ ಇಡೀ ಪ್ರಶ್ನೆಯ ತಿರುಳಿದೆ. ಕೊಳ್ಳುವುದೋ ಬಾಡಿಗೆಯೋ ಎಂಬುದನ್ನು ನಿರ್ಣಯಿಸುವುದು ಗಾಡಿಯ ಬೆಲೆಯಲ್ಲ, ಅದು ನಮಗೆ ಎಷ್ಟು ದಿನ ಬೇಕು ಎಂಬುದು. ಎರಡು ದಿನದ ಅಗತ್ಯಕ್ಕೆ ಕೊಂಡ ಗಾಡಿ ಉಳಿದ ದಿನಗಳಲ್ಲೆಲ್ಲ ನಮ್ಮನ್ನೇ ಎಳೆಯುತ್ತದೆ. ಹುಡುಗ ಹೇಳಿದ ‘ಗಾಡಿ ಉಳೀತದ’ ಎಂಬುದು ಸುಳ್ಳಲ್ಲ. ಆದರೆ ಉಳಿಯುವ ಗಾಡಿಯ ಜೊತೆಗೆ ಅದರ ವಿಮೆ, ತೆರಿಗೆ, ರಿಪೇರಿಗಳೂ ಉಳಿಯುತ್ತವೆ.

ಕಾಗದಪತ್ರದ ಮಾತನ್ನೂ ಹೇಳಬೇಕು. ಸಾಮಾನು ಸಾಗಿಸುವ ವಾಹನವು ಕಾರಿನಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ, ಸರಕು ಸಹಿತ ಒಟ್ಟು ತೂಕ 3,000 ಕಿಲೋ ಮೀರುವ ಸರಕು ವಾಹನಕ್ಕೆ ಪರ್ಮಿಟ್ ಬೇಕು. 407 ಆ ಮಿತಿಯನ್ನು ದಾಟುತ್ತದೆ, ಟಾಟಾ ಏಸ್‌ನಂಥ ಸಣ್ಣ ಗಾಡಿ ದಾಟುವುದಿಲ್ಲ. ಎಂಟು ವರ್ಷ ಮೀರಿದ ಸರಕು ವಾಹನಕ್ಕೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ಕೊಂಡವರು ಮೂವತ್ತು ದಿನಗಳೊಳಗೆ ಆರ್‌ಟಿಓ ಕಚೇರಿಯಲ್ಲಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಬೇಕು. ಮಾರುವಾಗಲೂ ಅಷ್ಟೇ ಎಚ್ಚರ ಬೇಕು. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತವಾದರೆ ನೋಟೀಸು ಬರುವುದು ಹಳೆಯ ಮಾಲೀಕನ ಬಾಗಿಲಿಗೆ. ಒಂದು ವಿಷಯ ಮಾತ್ರ ಹುಡುಗನ ಪರವಾಗಿತ್ತು. ಅವನ ಬಳಿ ಇದ್ದದ್ದು ಲಘು ವಾಹನದ ಲೈಸೆನ್ಸು. ಅದೇ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅಂಥ ಲೈಸೆನ್ಸಿನಲ್ಲಿಯೇ 7,500 ಕಿಲೋವರೆಗಿನ ಸಾರಿಗೆ ವಾಹನವನ್ನು ಓಡಿಸಬಹುದೆಂದು ತೀರ್ಪಿತ್ತಿತು. ಆ ಸುದ್ದಿಯ ಪತ್ರಿಕೆಯನ್ನು ಹಿಡಿದುಕೊಂಡೇ ಅವನು ಮನೆಗೆ ಬಂದಿದ್ದ.

ಅಮೆರಿಕದಲ್ಲಿರುವ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ, “ನೀವೇ ಟ್ರಕ್ಕು ಓಡಿಸಿಕೊಂಡು ಹೋಗಬಹುದಲ್ಲ ಸರ್” ಎಂದಳು. ಅಲ್ಲಿ 1945ರಿಂದ ಯು-ಹಾಲ್ ಎಂಬ ಸಂಸ್ಥೆಯಿದೆ. ಒಂದು ಊರಿನಲ್ಲಿ ಟ್ರಕ್ಕು ಪಡೆದು, ತಾವೇ ಓಡಿಸಿ, ಇನ್ನೊಂದು ಊರಿನಲ್ಲಿ ಒಪ್ಪಿಸಿ ಹೋಗಬಹುದು. ನಮ್ಮಲ್ಲಿ ಲಾರಿ ಹಿಡಿದೆವೆಂದರೆ ಚಾಲಕನನ್ನೂ, ಅವನ ಅನುಭವವನ್ನೂ ಹಿಡಿದಂತೆ. ಜೇವರ್ಗಿ, ಸುರಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ನಾಗಮಂಗಲ ಎಂದು ದಾರಿಯನ್ನು ಬಾಯಿಪಾಠ ಬಲ್ಲವನಿಗೆ ನನ್ನ ಸಾಮಾನು ಒಪ್ಪಿಸುವುದು ಅರವತ್ತು ದಾಟಿದ ನನಗೆ ಹೆಚ್ಚು ಸಮಾಧಾನದ ಸಂಗತಿ.

ಇಷ್ಟೆಲ್ಲ ಲೆಕ್ಕದ ನಡುವೆ ನನ್ನ ಪತ್ನಿ ಅಡಿಗೆಮನೆಯಿಂದಲೇ ಒಂದು ಪ್ರಶ್ನೆ ಎಸೆದಳು. “ಲಾರಿ ಯಾವುದು ಅಂತ ಕೇಳೂಕಿಂತ ಮೊದಲ, ಏನೇನ್ ಒಯ್ಯೂದು ಅಂತ ಕೇಳ್ರಿ.” ಅವಳ ಮಾತಿನಂತೆ ಪಟ್ಟಿ ಬರೆದೆವು. ಪ್ರತಿ ವಸ್ತುವಿನ ಮುಂದೆ ಎರಡು ಮನೆ: ಮೈಸೂರಿನಲ್ಲಿ ಹೊಸದಾಗಿ ಕೊಂಡರೆ ಎಷ್ಟು, ಇಲ್ಲಿ ಮಾರಿದರೆ ಎಷ್ಟು. ಹಳೆಯ ಫ್ರಿಜ್ಜು, ಪ್ಲೈವುಡ್ಡಿನ ಎರಡು ಮಂಚ, ಸೋಫಾ ಉಳಿದುವು. ಸಾಗವಾನಿಯ ಮಂಚ, ಕಬ್ಬಿಣದ ಅಲಮಾರಿ, ಅತ್ತೆಯವರ ಬೀಸುವ ಕಲ್ಲು ಪಟ್ಟಿಯಲ್ಲಿ ನಿಂತುವು. ಬೀಸುವ ಕಲ್ಲಿಗೆ ಲೆಕ್ಕ ಹಾಕಲು ನನಗೆ ಅನುಮತಿ ಸಿಗಲಿಲ್ಲ.

ಪುಸ್ತಕಗಳ ಸರದಿ ಬಂದಾಗ ಕೈ ತಡೆಯಿತು. ಮೂವತ್ತು ಪೆಟ್ಟಿಗೆ, ಪೆಟ್ಟಿಗೆಗೆ ಇಪ್ಪತ್ತು ಕಿಲೋ, ಆರುನೂರು ಕಿಲೋ ಕಾಗದ. ಎಂಟು ಪೆಟ್ಟಿಗೆಗಳನ್ನು ಉಳಿಸಿಕೊಂಡು ಮಿಕ್ಕವನ್ನು ನಾನು ಕೊನೆಯದಾಗಿ ಕೆಲಸ ಮಾಡಿದ ಶಾಲೆಯ ವಾಚನಾಲಯಕ್ಕೆ ಕೊಟ್ಟೆ. ನನ್ನ ಅಂಚುಟಿಪ್ಪಣಿಗಳನ್ನು ಇನ್ನು ಯಾವ ಮಕ್ಕಳು ಓದಿ ನಗುವರೋ! ಎರಡು ಟ್ರಿಪ್ಪಿನ ಸಾಮಾನು ಹೀಗೆ ಅರ್ಧ ಲಾರಿಗೆ ಇಳಿಯಿತು. ಆಗ ರಿಟರ್ನ್ ಲೋಡಿನ ದಾರಿಯೇ ಸಾಕೆಂಬುದು ತಾನಾಗಿ ಸ್ಪಷ್ಟವಾಯಿತು.

ಇನ್ನು ಹುಡುಗನ ಮಾತು. ಅವನನ್ನೂ ತಮ್ಮನನ್ನೂ ಕರೆದು ಲೆಕ್ಕದ ಹಾಳೆಯನ್ನು ಮುಂದಿಟ್ಟೆ. “ಮನೆ ಸಾಗಿಸೂದು ಒಂದು ಪ್ರಶ್ನೆ, ನಿನ್ನ ಜೀವನ ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಗಾಡಿಗೆ ಕಟ್ಟೂದು ಬ್ಯಾಡ” ಎಂದೆ. ತಮ್ಮ ಹಾಳೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದ. ಚಹಾ ಕುಡಿಯದೆ ಎದ್ದುಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಹುಡುಗ ಮಾತ್ರ ಕುಳಿತೇ ಇದ್ದು, ಹಾಳೆಯ ಪ್ರತಿಯೊಂದು ಅಂಕಿಯನ್ನೂ ಕೇಳಿ ತಿಳಿದುಕೊಂಡು, ಮರುದಿನ ನನ್ನ ಲಾರಿ ಮಾಲೀಕ ವಿದ್ಯಾರ್ಥಿಯ ಬಳಿಗೆ ಹೋದ. ಆರು ತಿಂಗಳು ಅವನ ಲಾರಿಯಲ್ಲಿ ಎರಡನೆಯ ಚಾಲಕನ ಜೊತೆ ದುಡಿದು ಈ ವ್ಯವಹಾರವನ್ನು ಒಳಗಿನಿಂದ ನೋಡುವುದೆಂದು ಮಾತಾಯಿತು. ಅಷ್ಟಾದ ಮೇಲೂ ಗಾಡಿಯೇ ಬೇಕೆಂದರೆ ಮುದ್ರಾ ಯೋಜನೆಯ ಸಾಲಕ್ಕೆ ಬ್ಯಾಂಕಿನವರು ಕೇಳುವ ಕೈಗಂಟಿನ ಹಣವನ್ನು ನಾನು ಕೊಡುತ್ತೇನೆಂದು ಒಪ್ಪಿಕೊಂಡೆ. ಅದು ನನ್ನ ಪಿಂಚಣಿಗೆ ನಿಲುಕುವ ಮೊತ್ತ. ಕಾಲಿನ ಚಿಕಿತ್ಸೆಯ ಹಣವಲ್ಲ.

ಲಾರಿ ಒಂದು ಶನಿವಾರ ಸಂಜೆ ಕಲಬುರಗಿ ಬಿಟ್ಟು ಮರುದಿನ ಸಂಜೆ ಮೈಸೂರು ಮುಟ್ಟಿತು. ಎರಡು ಉಪ್ಪಿನಕಾಯಿಯ ಜಾಡಿಗಳು ಒಡೆದದ್ದನ್ನು ಬಿಟ್ಟರೆ ಎಲ್ಲವೂ ಕ್ಷೇಮ. ದೂರದ ಊರಿಗೆ ಹೊರಟವರಿಗೆ ಅನುಭವದಿಂದ ಕೆಲವು ಮಾತು. ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿಗೆ ಸಹಿ ಹಾಕಿ ಒಂದು ಪ್ರತಿಯನ್ನು ಚಾಲಕನ ಕೈಯಲ್ಲಿಡಿ. ಲಾರಿಗೆ ವಿಮೆಯಿದೆಯೆಂದರೆ ಒಳಗಿನ ಸಾಮಾನಿಗೂ ಇದೆಯೆಂದು ಅರ್ಥವಲ್ಲ. ಅದಕ್ಕೆ ಬೇರೆ ವಿಮೆಯಿದೆ, ಕೇಳಿ ಮಾಡಿಸಿ. ಟ್ರಾನ್ಸ್‌ಪೋರ್ಟಿನವರಿಂದ ಸಾಮಾನಿನ ಬೆಲೆ ನಮೂದಿಸಿದ ರಸೀದಿ ಪಡೆಯಿರಿ. ಅಡಿಗೆ ಅನಿಲದ ಸಿಲಿಂಡರನ್ನು ಲಾರಿಗೆ ಏರಿಸಬೇಡಿ, ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆಯಿರಿ. ಮಳೆಗಾಲವಲ್ಲದಿದ್ದರೂ ತಾಡಪತ್ರಿ ಹರಿದಿಲ್ಲವೆಂಬುದನ್ನು ನೀವೇ ನೋಡಿ.

ಪತ್ನಿಯ ಬಲಗಾಲಿನ ಚಿಕಿತ್ಸೆ ಮುಗಿದಿದೆ, ಎಡಗಾಲಿನದು ಬಾಕಿ. ತಮ್ಮನ ಮಗ ಆರು ತಿಂಗಳು ಮುಗಿಸಿ ಫೋನು ಮಾಡಿದ್ದ. 407ರ ಮಾತನ್ನು ಅವನಾಗಿಯೇ ಬಿಟ್ಟಿದ್ದಾನೆ. ಊರೊಳಗಿನ ಬಾಡಿಗೆಗೆ ಟಾಟಾ ಏಸ್ ಸಾಕಂತೆ, ಪರ್ಮಿಟ್ಟಿನ ತೊಡಕಿಲ್ಲವಂತೆ, ತಿಂಗಳಿಗೆ ಎಷ್ಟು ದಿನ ಬಾಡಿಗೆ ಸಿಕ್ಕೀತು ಎಂಬುದನ್ನು ಎರಡು ಬೇಳೆ ಮಿಲ್ಲುಗಳಲ್ಲಿ ವಿಚಾರಿಸಿ ಬರೆದಿಟ್ಟಿದ್ದಾನಂತೆ. ಲೆಕ್ಕದ ಹಾಳೆಯನ್ನು ಅಂಚೆಯಲ್ಲಿ ಕಳಿಸು ಎಂದಿದ್ದೇನೆ. ತಮ್ಮ ಇನ್ನೂ ಹೆಚ್ಚು ಮಾತಾಡುವುದಿಲ್ಲ. ಆದರೆ ಹೋದ ವಾರ ಅವನ ಹೊಲದ ತೊಗರಿಬೇಳೆ ಹತ್ತು ಕಿಲೋ, ಯಾವುದೋ ಲಾರಿಯಲ್ಲಿ, ನಮ್ಮ ಹೊಸ ಮನೆಯ ಬಾಗಿಲಿಗೆ ಬಂದಿತು.